ಸೊಟ್ಯಾನಿಗೆ ಮಾತಿಲ್ಲದ ದೃಶ್ಯ

ಶಿರಾಳಕೊಪ್ಪ,
ಶನಿವಾರ, 8 ಫೆಬ್ರವರಿ 2025

ಮುದ್ದಿನ ಮೊಮ್ಮಗಳು ಧನ್ಯಾಳಿಗೆ ಅಜ್ಜ ಶಿವಮೂರ್ತಪ್ಪನ ಮನಸಾರೆ ಆಶೀರ್ವಾದಗಳು.

ಮೈಯಲ್ಲಿ ಹೇಗಿದ್ದೀಯ ಮಗಾ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಕ್ಕೆ ಒಣಗಿತೆ? ಕಲಬುರಗಿಯ ಬಿಸಿಲಿನಲ್ಲಿ ಕವಾಯತು ಮಾಡುವವಳು ನೀನು. ಇಲ್ಲಿ ನಿನ್ನ ಅಜ್ಜಿ ನಿರ್ಮಲಮ್ಮ ಅಂಗಳಕ್ಕೆ ಇಳಿದಾಗಲೆಲ್ಲ ಸೆರಗಿನಿಂದ ಬೆವರು ಒರೆಸಿಕೊಂಡು "ಕೂಸಿಗೆ ಅಲ್ಲಿ ಹೆಂಗಾಗಿರಬ್ಯಾಡ" ಅನ್ನುತ್ತಾಳೆ. ಮಲಗುವಾಗ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಹೇಳಲು ಹೇಳಿದ್ದಾಳೆ. ಅವಳ ಮಂಡಿನೋವು ಎಂದಿನಂತೆಯೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ದಾವಣಗೆರೆಯಿಂದ ನಿನ್ನ ಅಪ್ಪ ಅಮ್ಮ ಸಂಕ್ರಾಂತಿಗೆ ಬಂದು ಹೋದರು. ಮೆಕ್ಕೆಜೋಳ ಮುರಿದಾಯಿತು. ನನ್ನ ಆರೋಗ್ಯ ಗುಂಡುಕಲ್ಲು. ನಾಚಿಕೆಯಿಂದ ಯಾರೂ ಸಾಯುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿಯಾಗಿ ಕುಳಿತು ಈ ಕಾಗದ ಬರೆಯುತ್ತಿದ್ದೇನೆ.

ಈ ಕಾಲದಲ್ಲಿ ಅಜ್ಜ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ನಿಮ್ಮ ಪೊಲೀಸ್ ತರಬೇತಿ ಶಾಲೆಯವರು ಎರಡು ವಾರಕ್ಕೊಂದು ಭಾನುವಾರ ಹತ್ತು ನಿಮಿಷ ಫೋನ್ ಕೈಗೆ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ನಾನು ಸುಳ್ಳು ಹೇಳಬಲ್ಲೆ, ಕಳೆದ ಭಾನುವಾರ ಹೇಳಿಯೂ ಇದ್ದೇನೆ. ನಿಜ ಹೇಳಲು ಅಷ್ಟು ಹೊತ್ತು ಸಾಲದು. "ಸೊಟ್ಯಾ ಹೆಂಗಿದಾನಜ್ಜ?" ಎಂದು ನೀನು ಕೇಳಿದೆ. "ರಾಜನ ಹಾಗೆ ಜಗಲಿ ಮೇಲೆ ಪವಡಿಸಿದಾನೆ ಮಗಾ" ಎಂದು ನಾನು ಗಂಟಲೆತ್ತಿ ಹೇಳಿದೆ. ನಿನ್ನ ನಾಯಿ ಆಗ ಜಗಲಿಯ ಮೇಲೆ ಇರಲಿಲ್ಲ. ಈ ಊರಿನಲ್ಲೇ ಇರಲಿಲ್ಲ. ನಿನ್ನ ಎದೆ ಒಡೆಯುವ ಮೊದಲೇ ಹೇಳಿಬಿಡುತ್ತೇನೆ, ಅವನು ಬದುಕಿದ್ದಾನೆ. ಇದನ್ನು ಬರೆಯುವಾಗ ನನ್ನಿಂದ ನಾಲ್ಕು ಮಾರು ದೂರದಲ್ಲಿ, ನನ್ನ ಕಡೆಗೆ ಬೆನ್ನು ಮಾಡಿಕೊಂಡು ಮಲಗಿದ್ದಾನೆ. ಉಳಿದದ್ದನ್ನು ಕುಳಿತು ಓದು.

ಮೂರು ವರ್ಷದ ಹಿಂದೆ ಉಳವಿಯಲ್ಲಿ, ನಿನ್ನ ಸೋದರಮಾವ ಗುರುಪ್ರಕಾಶನ ಮನೆಯ ಹಿತ್ತಲಲ್ಲಿ ಆ ಐದು ಮರಿಗಳ ಮುಂದೆ ನಾವಿಬ್ಬರೂ ನಿಂತದ್ದು ನಿನಗೆ ನೆನಪಿರಬೇಕು. ನನಗೆ ಬೇಕಾಗಿದ್ದದ್ದು ಜರ್ಮನ್ ಶೆಫರ್ಡ್. ಆ ಎದೆ, ಆ ಕೇಸರ, ಆ ಗರ್ಜನೆ. ನೀನು ನಕ್ಕು, "ಅಜ್ಜ, ನಾವು ನಾಟಕಕ್ಕೆ ಪಾತ್ರಧಾರಿ ಆರಿಸ್ತಿಲ್ಲ. ನಮ್ಮ ಬಿಸಿಲಿಗೆ ಆ ಕೂದಲು ತಡಿಯಲ್ಲ, ಅಂಥ ನಾಯೀನ ದಿನಾ ಮೈಲುಗಟ್ಟಲೆ ಓಡಿಸೋರು ಯಾರು, ನಿನ್ನ ಮಂಡಿನಾ ಅಜ್ಜಿ ಮಂಡಿನಾ?" ಎಂದೆ. ಮೊದಲು ನೀನು ತಾಯಿನಾಯಿಯ ಹತ್ತಿರ ಕುಳಿತು ಅದರ ಸ್ವಭಾವ ನೋಡಿದೆ. ಆಮೇಲೆ ಅಂಗೈ ಚಾಚಿ ಸುಮ್ಮನೆ ಕುಳಿತೆ. ಒಂದು ಮರಿ ಹಾರಿ ಮೈಮೇಲೆ ಬಿತ್ತು, ಒಂದು ಒಲೆಕಟ್ಟಿಗೆಯ ಹಿಂದೆ ಅಡಗಿತು. ಕಿವಿ ಸೊಟ್ಟಗಿದ್ದ ಬೂದಿ ಬಣ್ಣದ ಮರಿ ಬಂದು ಅಂಗೈ ಮೂಸಿತು, ದೂರ ಹೋಯಿತು, ಯೋಚನೆ ಮಾಡಿದ ಹಾಗೆ ನಿಂತಿತು, ಮತ್ತೆ ಬಂತು. "ಇದೇ ನಮಗೆ ಬೇಕಾದ್ದು" ಎಂದೆ ನೀನು. ನಾನು ಮುಖ ಸಿಂಡರಿಸಿದೆ. ಊರನಾಯಿಯನ್ನು ತಂದು ಜಗಲಿಗೆ ಹತ್ತಿಸಿದಳಲ್ಲ ಎಂದು ನನ್ನೊಳಗೊಂದು ಕುಟುಕು ಇತ್ತು ಮಗಾ. ಈಗ ಒಪ್ಪಿಕೊಳ್ಳುತ್ತೇನೆ. ಎಲ್ಲ ಅನರ್ಥಕ್ಕೂ ಬೀಜ ಅಲ್ಲೇ ಬಿದ್ದದ್ದು.

ನೀನು ತರಬೇತಿಗೆ ಹೊರಡುವ ಹಿಂದಿನ ದಿನ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ ಹೋದೆ. ಬೇಯಿಸಿದ ಮೂಳೆ ಹಾಕಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಈರುಳ್ಳಿ ಬಿದ್ದ ಸಾರು ಬೇಡ. ಗದ್ದೆ ಕಡೆ ಹೋಗಿ ಬಂದಾಗ ಕಿವಿಯ ಒಳಗೂ ಬೆರಳ ಸಂದಿಯಲ್ಲೂ ಉಣುಗು ನೋಡಿ. ಡಿಸೆಂಬರ್ ಹದಿನಾಲ್ಕಕ್ಕೆ ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗದ ವರ್ಷದ ಲಸಿಕೆ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, ಗೆರೆ ಎಳೆದು, "ಗುರ್ ಅಂದರೆ ಬೈಯಬೇಡಿ, ಅದು ಅವನ ಮಾತು." ಧನ್ಯಾ, ನಾನು ನೂರಿಪ್ಪತ್ತು ಪುಟದ ಪಾತ್ರವನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡುವವನು. ಆ ಒಂದು ಹಾಳೆಯನ್ನು ಪೂರ್ತಿ ಓದಲಿಲ್ಲ.

ಡಿಸೆಂಬರ್ ಹದಿನಾಲ್ಕರಂದು ನಾನು ಹಾವೇರಿಯಲ್ಲಿದ್ದೆ, ಕಿರೀಟಕ್ಕೆ ತಲೆಯ ಅಳತೆ ಕೊಡಲು. ಈ ಶಿವರಾತ್ರಿಗೆ ನಮ್ಮ ನಾಟಕ ಸಂಘದವರು ಆಡುವುದು ಕರ್ಣನ ಕಥೆ, ನಾನು ಎಂದಿನಂತೆ ದುರ್ಯೋಧನ. ನೀನು ಫೋನಿನಲ್ಲಿ ಕೇಳಿದಾಗ "ಲಸಿಕೆ ಹಾಕಿಸಿದೆ, ಸಿಂಹದ ಹಾಗೆ ನಿಂತ, ಕಣ್ಣು ಸಹ ಮಿಟುಕಿಸಲಿಲ್ಲ" ಎಂದೆ. ಬರೀ "ಹಾಕಿಸಿದೆ" ಎಂದರೆ ಸಾಕಾಗಿತ್ತು. ನನ್ನ ಸುಳ್ಳಿಗೂ ಬಣ್ಣ ಬಳಿದು, ಕಿರೀಟ ಇಟ್ಟು ರಂಗಕ್ಕೆ ತರುವ ಚಾಳಿ ನನಗೆ.

ಎರಡನೆಯ ಸುಳ್ಳು ಮಹಾಂತೇಶನ ಗೊಬ್ಬರದ ಅಂಗಡಿಯಲ್ಲಿ ಹುಟ್ಟಿತು. ಅವನು ಸಂಘದ ಮ್ಯಾನೇಜರ್ ಎಂಬುದು ನಿನಗೆ ಗೊತ್ತಲ್ಲ. ಮಾತಿಗೆ ಮಾತು ಬಂದು, "ಏನ್ರೀ ಶಿವಮೂರ್ತಪ್ಪನೋರೆ, ನಿಮ್ಮಂಥೋರ ಮನ್ಯಾಗ ಕಂತ್ರಿ ನಾಯಿ ಸಾಕೀರಿ?" ಎಂದ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ನಾನು ಶಲ್ಯ ಹೆಗಲಿಗೆ ಎಸೆದು, "ಕಂತ್ರಿಯೇ? ಅದು ಮುಧೋಳದ ತಳಿ ಕಣಯ್ಯ, ಅರಸರು ಬೇಟೆಗೆ ಸಾಕಿದ ವಂಶ" ಎಂದುಬಿಟ್ಟೆ. ಪ್ರತಿ ಪ್ರಯೋಗದಲ್ಲೂ ಎದೆ ತಟ್ಟಿಕೊಂಡು "ವೀರನ ಕುಲವನ್ನು ಕೇಳುವವನು ಹೇಡಿ" ಎಂದು ಗುಡುಗಿ, ಸೂತನ ಮಗನಿಗೆ ರಾಜ್ಯ ಕೊಟ್ಟು ಚಪ್ಪಾಳೆ ಗಿಟ್ಟಿಸಿದವನು ನಾನು. ನಿನ್ನ ಮುಗ್ಧ ಪ್ರಾಣಿಗೆ ಒಂದು ಸುಳ್ಳು ಕುಲ ಕಟ್ಟಿದೆ. ಮಹಾಂತೇಶ ಅಷ್ಟಕ್ಕೇ ಬಿಡಲಿಲ್ಲ. "ಹಂಗಾರ ಬೇಟೆ ದೃಶ್ಯಕ್ಕೆ ಕರಕೊಂಡು ಬರ್ರಿ, ರಂಗದ ಮೇಲೆ ಮುಧೋಳ ನಾಯಿ ಬಂದ್ರ ಜನ ಹುಚ್ಚೆದ್ದು ಹೋಗ್ತಾರ" ಎಂದ. ನಾಲಿಗೆ ಕೊಟ್ಟವನು ಹಿಂದೆ ಸರಿಯುವುದುಂಟೆ? ಸೊಟ್ಯಾನಿಗೆ ಗಜಕೇಸರಿ ಎಂದು ಹೆಸರು ಬದಲಾಯಿತು. ಕೊರಳಿಗೆ ಜರಿಪಟ್ಟಿ ಬಂತು.

ತಾಲೀಮು ನಡೆಯುವುದು ಹಾಲಿನ ಸಂಘದ ಹಿಂದಿನ ಶೆಡ್ಡಿನಲ್ಲಿ, ಸಂಜೆ ಐದರ ಮೇಲೆ. ತಗಡಿನ ಮಾಡು. ಹಾರ್ಮೋನಿಯಂ ಒಂದು ಕಡೆ, ತಬಲಾ ಒಂದು ಕಡೆ, ನಡುವೆ ನನ್ನ ಗಂಟಲು. ಅವನನ್ನು ಪರದೆಯ ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದೆ. ಮೊದಲ ದಿನ ಅವನು ಬಾಲ ಹೊಟ್ಟೆಗೆ ಅಂಟಿಸಿಕೊಂಡು ಮತ್ತೆ ಮತ್ತೆ ತುಟಿ ನೆಕ್ಕಿಕೊಂಡ, ಆಕಳಿಸಿದ. ಹಸಿವು, ನಿದ್ದೆ ಎಂದುಕೊಂಡೆವು. ಭಯಕ್ಕೂ ನಾಯಿ ಆಕಳಿಸುತ್ತದೆ ಎಂದು ಪಶುವೈದ್ಯೆ ಶರಣ್ಯ ಹೇಳಿ ನನಗೆ ಗೊತ್ತಾದದ್ದು ಮೊನ್ನೆ. ಎರಡನೆಯ ದಿನ ನಾನು ಮೀಸೆ ಅಂಟಿಸಿಕೊಂಡು, ಗದೆ ಹೊತ್ತು ಹತ್ತಿರ ಹೋದಾಗ ಅವನು ಗುರ್ ಎಂದ. ನಾನು ಗದೆಯನ್ನು ಅವನ ಮೂತಿಯ ಮುಂದೆ ನೆಲಕ್ಕೆ ಅಪ್ಪಳಿಸಿ, "ಗಜಕೇಸರಿ, ಈ ದೃಶ್ಯದಲ್ಲಿ ನಿನಗೆ ಮಾತಿಲ್ಲ" ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಕ್ಕರಲ್ಲ, ಅದೇ ಸಾಕಾಯಿತು ನನಗೆ. ಅವನು ಗುರ್ ಅಂದಾಗಲೆಲ್ಲ ಅದೇ ಮಾತು, ಅದೇ ಗದೆ. ಒಂದು ಸಲ ಬೆನ್ನಿನ ಮೇಲೂ ಬಿತ್ತು ಧನ್ಯಾ. ವಾರ ಕಳೆಯುವಷ್ಟರಲ್ಲಿ ಅವನು ಗುರ್ ಅನ್ನುವುದನ್ನೇ ನಿಲ್ಲಿಸಿದ. "ನೋಡಿದಿರಾ, ಕಲಿತುಬಿಟ್ಟ" ಎಂದು ಮೆರೆದೆ. ಕಲಿತದ್ದು ಇಷ್ಟೇ, ಹೇಳಿದರೆ ಪೆಟ್ಟು ಬೀಳುತ್ತದೆ ಎಂದು. ಭಯ ಹಾಗೇ ಇತ್ತು, ಅದನ್ನು ಹೇಳುವ ಬಾಯಿ ಮಾತ್ರ ಮುಚ್ಚಿತ್ತು.

ಜನವರಿ ಮೂವತ್ತು, ಗುರುವಾರ. ಕರ್ಣನ ಪಾತ್ರ ಹಾಲಿನ ಸಂಘದ ಕಾರ್ಯದರ್ಶಿ ಕೆಂಪಪ್ಪನದು. ನೀನು ಶಾಲೆಗೆ ಹೋಗುವಾಗ ದಿನಾ ಕೈ ಬೀಸುತ್ತಿದ್ದನಲ್ಲ, ಅವನೇ. ಅವನು ನನ್ನ ಮಾತಿನ ನಡುವೆಯೇ ಸೊಟ್ಯಾನ ಕಡೆ ನೋಡಿ, "ಅಣ್ಣಾರ, ನಾಯಿ ನಡುಗಾಕ ಹತ್ತೇತಿ. ಪಟ್ಟಿ ಬಿಗಿ ಆಗೇತೇನೋ" ಎಂದು ಬಗ್ಗಿ, ಕೊರಳ ಪಟ್ಟಿ ಸಡಿಲಿಸಲು ಕೈ ಹಾಕಿದ. ಅದೇ ಕ್ಷಣಕ್ಕೆ ತಬಲಾದ ಏಟು, ನನ್ನ ಗದೆಯ ಏಟು ಎರಡೂ ಬಿದ್ದವು. ಗುರ್ ಇಲ್ಲ, ಬೊಗಳಿಲ್ಲ. ಕೆಂಪಪ್ಪನ ಎಡಗೈ ಮೊಣಕೈ ಕೆಳಗೆ ನಾಲ್ಕು ಕಡೆ ರಕ್ತ. ಆ ಶೆಡ್ಡಿನಲ್ಲಿ ಆ ಪ್ರಾಣಿಯ ಸಂಕಟ ಕಂಡವನು ಒಬ್ಬನೇ ಮನುಷ್ಯ, ಕಚ್ಚಿಸಿಕೊಂಡವನೂ ಅವನೇ.

ಯಾರೋ ಅರಿಶಿನ ಒತ್ತಿದರು. ನಲ್ಲಿಯ ಕೆಳಗೆ ಕೈ ಹಿಡಿದು ಕಾಲು ಗಂಟೆ ಸಾಬೂನು ಹಾಕಿ ತೊಳೆಯಬೇಕಿತ್ತಂತೆ, ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಕೆಂಪಪ್ಪ ಹಲ್ಲು ಕಚ್ಚಿಕೊಂಡು ಒಂದೇ ಪ್ರಶ್ನೆ ಕೇಳಿದ. "ಅಣ್ಣಾರ, ಇದಕ್ಕ ಸೂಜಿ ಹಾಕ್ಸೀರಲ್ಲ?" ಇಡೀ ಸಂಘ ನನ್ನ ಮುಖ ನೋಡುತ್ತಿತ್ತು. ಮೀಸೆ ಅಂಟಿಸಿಕೊಂಡೇ ಇದ್ದೆ. ಎದೆಯ ಮೇಲೆ ಕೈಯಿಟ್ಟು, "ಡಿಸೆಂಬರ್ ಹದಿನಾಲ್ಕಕ್ಕೆ ನಾನೇ ನಿಂತು ಹಾಕಿಸಿದ್ದೇನೆ ಕೆಂಪಪ್ಪ" ಎಂದೆ. ತಾರೀಖು ಮಾತ್ರ ನಾಲಿಗೆಯ ತುದಿಯಲ್ಲಿತ್ತು ನೋಡು. ಅವನು ಸಮಾಧಾನದಿಂದ ಮನೆಗೆ ಹೋದ.

ಮರುದಿನ ಮಹಾಂತೇಶ ಬಂದು, "ಕಚ್ಚಿದ ನಾಯಿ ಊರಾಗ ಇದ್ರ ಮಾತು ಬೆಳೀತಾವ್ರಿ. ನನ್ನ ಲಗೇಜ್ ಆಟೋ ನಾಳೆ ಸೊರಬದ ಕಡಿ ಹೊಂಟೇತಿ, ದೂರ ಬಿಟ್ಟು ಬಂದುಬಿಡಾಣ" ಎಂದ. ನಮ್ಮ ಕಡೆ ಬೇಡವಾದ ಬೆಕ್ಕು ನಾಯಿಗಳಿಗೆ ಎಲ್ಲರೂ ಮಾಡುವುದು ಅದೇ ತಾನೆ, ಗೋಣಿಚೀಲ, ದೂರದ ಊರು. ನಾಯಿಯೇ ಇಲ್ಲದಿದ್ದರೆ ಲಸಿಕೆಯ ಚೀಟಿ ಯಾರು ಕೇಳುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಚೀಲಕ್ಕೆ ಅವನಾಗಿಯೇ ಇಳಿದ ಧನ್ಯಾ. ನಾನು ಬಾಯಿ ತೆರೆದು ಹಿಡಿದೆ, ಅವನು ನನ್ನ ಮುಖ ನೋಡಿದ, ಇಳಿದ. ಕ್ಯಾಸನೂರು ಇನ್ನೊಂದು ಮೈಲಿ ಇದೆ ಅನ್ನುವಲ್ಲಿ, ಕಾಡಿನ ತಿರುವಿನಲ್ಲಿ ಚೀಲ ಬಿಚ್ಚಿದೆವು. ಆಟೋದ ಹಿಂದೆ ಓಡಿ ಬಂದ. ಎಷ್ಟು ದೂರ ಬಂದ ಎಂದು ನಾನು ಹೇಳಲಾರೆ, ನಾನು ತಿರುಗಿ ನೋಡಲಿಲ್ಲ. ಅಜ್ಜಿಗೆ "ಉಳವಿಗೆ ಬಿಟ್ಟು ಬಂದೆ, ಗುರುಪ್ರಕಾಶ ನೋಡಿಕೊಳ್ತಾನೆ" ಎಂದೆ.

ಭಾನುವಾರ ನಿನ್ನೊಡನೆ ಮಾತಾಡಿ, ರಾಜ ಪವಡಿಸಿದಾನೆ ಎಂದು ಫೋನ್ ಇಟ್ಟು ತಿರುಗಿದರೆ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೊಟ್ಯಾನ ಲಸಿಕೆಯ ಕಾರ್ಡು. ಅವಳು ಬೆಳಿಗ್ಗೆಯೇ ಉಳವಿಗೆ ಫೋನ್ ಮಾಡಿದ್ದಳಂತೆ. "ಗುರುಪ್ರಕಾಶನ ಮನ್ಯಾಗೂ ಇಲ್ಲ, ನಮ್ಮ ಜಗಲಿ ಮ್ಯಾಲೂ ಇಲ್ಲ. ಕೂಸಿನ ಬಾಯಿ ಮುಚ್ಚಿಸಿದ್ರಿ. ಇದರಾಗ ಡಿಸೆಂಬರ್ ಮನಿ ಖಾಲಿ ಐತಿ. ಕೆಂಪಪ್ಪನ ಬಾಯಿನೂ ಮುಚ್ಚಿಸೀರೇನು?" ಎಂದಳು. ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಮಾತಿನಲ್ಲಿ ಸೋತವನಲ್ಲ. ಅಂದು ಸೋತೆ. "ಆ ರೋಗ ಬಂದ ಮ್ಯಾಲೆ ಔಷಧ ಇಲ್ಲಂತ್ರಿ. ಅವನ ಹೇಣ್ತಿ ಹುಲಿಗೆಮ್ಮಗ ಎರಡು ಸಣ್ಣ ಮಕ್ಕಳದಾವು" ಎಂದಳು. ಅಷ್ಟೇ. ಆಮೇಲೆ ಹೋಗಿ ರೊಟ್ಟಿ ತಟ್ಟತೊಡಗಿದಳು. ಪ್ರತಿ ರೊಟ್ಟಿಯ ಸದ್ದೂ ನನ್ನ ಕೆನ್ನೆಯ ಮೇಲೇ ಬೀಳುತ್ತಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೇ ಹಾಲಿನ ಸಂಘಕ್ಕೆ ಹೋದೆ. ಕೆಂಪಪ್ಪ ಎಡಗೈಗೆ ಬಟ್ಟೆ ಸುತ್ತಿಕೊಂಡು, ಬಲಗೈಯಲ್ಲಿ ಹಾಲು ಅಳೆಯುತ್ತಿದ್ದ. ಕ್ಯಾನು ಹಿಡಿದ ಸಾಲು ಬಾಗಿಲಾಚೆಗೂ ಇತ್ತು. ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳೋಣ ಎಂದುಕೊಂಡಿದ್ದೆ. ಆದರೆ ನನಗೆ ಪಿಸುಮಾತು ಬರುವುದಿಲ್ಲ ಮಗಾ. ರಂಗದ ಮೇಲೆ ಪಿಸುಮಾತನ್ನೂ ಕೊನೆಯ ಸಾಲಿಗೆ ಕೇಳುವಂತೆ ಹೇಳಿ ಬೆಳೆದ ಗಂಟಲಿದು. "ಕೆಂಪಪ್ಪ, ನಾಯಿಗೆ ಲಸಿಕೆ ಹಾಕಿಸಿರಲಿಲ್ಲ. ಸುಳ್ಳು ಹೇಳಿದೆ" ಎಂದದ್ದು ಇಡೀ ಸಾಲಿಗೆ ಕೇಳಿತು. ಅವನ ಹೆಂಡತಿ ಹುಲಿಗೆಮ್ಮ ಲೆಕ್ಕದ ಪುಸ್ತಕ ಕೆಳಗಿಟ್ಟು ಎದ್ದು ಬಂದಳು. "ಯಜಮಾನ್ರ, ನಾಟಕದಾಗ ಮಾನ ಮಾನ ಅಂತ ಬಡಕಂತೀರಲ್ಲ, ಅದನ್ನ ಕಿರೀಟದ ಜೋಡಿ ಪೆಟ್ಟಿಗ್ಯಾಗ ಇಟ್ಟು ಬೀಗ ಹಾಕ್ತೀರೇನ್ರಿ?" ಎಂದಳು. ಅದಕ್ಕಿಂತ ಕೆಟ್ಟದ್ದೂ ಅಂದಳು, ಅದು ನನಗೆ ಸಲ್ಲಬೇಕಾದ್ದೇ. ಕೆಂಪಪ್ಪ ಬೈಯಲಿಲ್ಲ. ಹಾಲಿನ ಅಳತೆ ಕೆಳಗಿಟ್ಟು, "ಇಕಿ ಅವತ್ತೇ ಆಸ್ಪತ್ರೆಗೆ ಹೋಗಾಣ ಅಂದ್ಲು ಅಣ್ಣಾರ. ನಾನಾ ಬ್ಯಾಡ ಅಂದೆ. ಅಣ್ಣಾರ ಮಾತು ಐತಲ್ಲ ಅಂದೆ" ಎಂದ. ಐವತ್ತು ವರ್ಷ ರಂಗದ ಮೇಲೆ ನಿಂತಿದ್ದೇನೆ. ಇಷ್ಟು ಮೆಲ್ಲಗೆ ಹೇಳಿದ ಮಾತು ಇಷ್ಟು ಆಳಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ.

ಶಿಕಾರಿಪುರದ ಆಸ್ಪತ್ರೆಗೆ ಮೂವರೂ ಹೋದೆವು. ಗಾಯ ತೊಳೆದು, ಅದರ ಸುತ್ತಲೇ ಒಂದು ಔಷಧ ಚುಚ್ಚಿ, ತೋಳಿಗೆ ಮೊದಲ ಲಸಿಕೆ ಹಾಕಿದರು. "ನಾಯಿಗೆ ಲಸಿಕೆ ಆಗಿರ್ಲಿ ಬಿಡ್ಲಿ, ಕಚ್ಚಿದ ದಿನವೇ ಬರಬೇಕು. ಈಗಲಾದ್ರೂ ಬಂದ್ರಲ್ಲ. ಇನ್ನು ಒಂದು ಡೋಸೂ ತಪ್ಪಿಸಬಾರದು" ಎಂದ ವೈದ್ಯರು ನನ್ನ ಕಡೆ ತಿರುಗಿ, "ನಾಯಿ ಹೆಂಗಿದೆ? ಕಚ್ಚಿದ ದಿನದಿಂದ ಹತ್ತು ದಿನ ನಿಮ್ಮ ಕಣ್ಣಮುಂದೆ ಇರಬೇಕು. ಹತ್ತು ದಿನ ಚೆನ್ನಾಗಿ ಉಂಡು ಬದುಕಿದ್ರೆ ಕಚ್ಚಿದಾಗ ಅದಕ್ಕೆ ರೋಗ ಇರಲಿಲ್ಲ ಅಂತ ಅರ್ಥ. ಇವರಿಗೆ ನೆಮ್ಮದಿ" ಎಂದರು. ಆಗ ಎರಡನೆಯ ತಪ್ಪೊಪ್ಪಿಗೆ. ಹುಲಿಗೆಮ್ಮ ಗೋಡೆಗೆ ಒರಗಿ ಕುಳಿತುಬಿಟ್ಟಳು. ಕೆಂಪಪ್ಪ ಹತ್ತಿ ಒತ್ತಿಕೊಂಡೇ, "ಹಂಗಾರ ಇಲ್ಲಿ ಯಾಕ ಕುಂತೀರಿ? ಹೋಗಿ ಹುಡುಕ್ರಿ" ಎಂದ.

ಮಂಗಳವಾರ ಮೊದಲ ಬಸ್ಸಿಗೆ ಸೊರಬ, ಅಲ್ಲಿಂದ ಇನ್ನೊಂದು ಬಸ್ಸು. ಕಂಡಕ್ಟರಿಗೆ ಹೇಳಿ ಆ ತಿರುವಿನಲ್ಲಿ ಇಳಿದೆ. ಇಳಿದವನೇ ಕರೆದೆ. ಸೊಟ್ಯಾ ಎಂದೆ, ಮಗನೇ ಎಂದೆ, ಗಜಕೇಸರಿ ಎಂದೂ ಒಮ್ಮೆ ಬಾಯಿಗೆ ಬಂತು, ನುಂಗಿಕೊಂಡೆ. ಐದು ಊರಿಗೆ ಮೈಕಿಲ್ಲದೆ ಕೇಳಿಸುವ ಗಂಟಲು ಕಾಡಿಗೆ ಸಾಲದೇ ಹೋದೀತೆ ಎಂಬ ಧಿಮಾಕು. ಮಧ್ಯಾಹ್ನದವರೆಗೆ ರಸ್ತೆಯ ಉದ್ದಕ್ಕೂ ಕೂಗಿದೆ. ಎಲೆ ಅಲ್ಲಾಡಲಿಲ್ಲ. ಕೊನೆಗೆ ಬಸ್ಸು ನಿಲ್ಲುವಲ್ಲಿನ ಚಹಾದಂಗಡಿಯಲ್ಲಿ ಕುಸಿದು ಕುಳಿತೆ. ಅಂಗಡಿಯ ರಮಾಬಾಯಿ ಎಂಬ ಹೆಂಗಸು ನೀರು ಕೊಟ್ಟು, "ಕಿವಿ ಸೊಟ್ಟ ಇರೋ ಬೂದಿ ನಾಯಿನಾ? ನಾಲ್ಕು ದಿನದಿಂದ ಆ ತಿರುವು ಬಿಟ್ಟು ಹೋಗ್ಲಿಲ್ಲ ಅದು. ಲಗೇಜ್ ಆಟೋ ಸದ್ದು ಕೇಳಿದ್ರೆ ಸಾಕು, ಹಿಂದೆ ಓಡ್ತದೆ, ಮತ್ತೆ ಬಂದು ಅಲ್ಲೇ ಕೂರ್ತದೆ. ನಾನೇ ಎರಡು ಹೊತ್ತು ಅನ್ನ ಹಾಕ್ದೆ" ಎಂದಳು. ಈಗ ಎಲ್ಲಿ ಎಂದೆ. "ಅಲ್ಲೇ, ಮೋರಿ ಒಳಗೆ. ನೀವು ಕೂಗ್ದಾಗ್ಲೆಲ್ಲ ಒಳಕ್ಕೆ ಒಳಕ್ಕೆ ಹೋಗ್ತಿತ್ತು. ನಾನು ಇಲ್ಲಿಂದ ನೋಡ್ತಾನೇ ಇದ್ದೆ. ಅಷ್ಟು ಜೋರಾಗಿ ಕರೆದ್ರೆ ಯಾವ ನಾಯಿ ಬರ್ತದ್ರೀ?"

ಅವನು ಕಾಯುತ್ತಿದ್ದದ್ದೂ ನನಗೇ, ಅಡಗಿದ್ದದ್ದೂ ನನಗೇ. ಇದನ್ನು ನೀನು ಎರಡು ಸಲ ಓದು, ನಾನು ಆ ಮೋರಿಯ ಮೇಲೆ ಕುಳಿತು ನೂರು ಸಲ ಓದಿಕೊಂಡಿದ್ದೇನೆ.

ರಮಾಬಾಯಿ ಒಂದು ಬನ್ನು ಕೊಟ್ಟಳು. ಉಳವಿಯ ಹಿತ್ತಲಲ್ಲಿ ನೀನು ಕುಳಿತ ಹಾಗೆಯೇ ಕುಳಿತೆ, ಮೋರಿಗೆ ಅಡ್ಡ ಮೈ ಮಾಡಿ, ಕಣ್ಣು ಬೇರೆ ಕಡೆ ಇಟ್ಟು, ಅಂಗೈ ಚಾಚಿ. ಒಂದು ಮಾತು ಆಡಲಿಲ್ಲ. ನನ್ನ ಇಡೀ ಜನ್ಮದಲ್ಲಿ ಎಚ್ಚರವಿದ್ದು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು. ಎರಡು ಬಸ್ಸು ಹೋದವು. ಬಿಸಿಲು ಇಳಿಯಿತು. ಆಮೇಲೆ ಅಂಗೈಗೆ ಉಸಿರು ತಾಗಿತು. ಮೂಸಿದ, ದೂರ ಹೋದ, ನಿಂತ. ಮತ್ತೆ ಬಂದ.

ಗುರುಪ್ರಕಾಶ ಉಳವಿಯಿಂದ ಕಾರು ತಂದು ಮನೆಯವರೆಗೆ ಬಿಟ್ಟ. ಮರುದಿನ ಡಾಕ್ಟರ್ ಶರಣ್ಯ ಕೈಗವಸು ಹಾಕಿಕೊಂಡು ಚಿಮಟದಲ್ಲಿ ನಲವತ್ತಕ್ಕೂ ಹೆಚ್ಚು ಉಣುಗು ಕಿತ್ತು ಸಾಬೂನು ನೀರಿಗೆ ಹಾಕಿದರು. ಬೆರಳಲ್ಲಿ ಹೊಸಕಬೇಡಿ ಎಂದರು. ಕ್ಯಾಸನೂರು ಕಡೆಯ ಉಣುಗು ಎಂದರೆ ಮಂಗನ ಕಾಯಿಲೆಯ ಭಯವೂ ಇದೆ, ಜ್ವರ ಬಂದರೆ ನಾಟಕ ಮಾಡದೆ ಆಸ್ಪತ್ರೆಗೆ ಬನ್ನಿ ಎಂದು ನನಗೂ ಹೇಳಿದರು. ಇಂದಿನವರೆಗೆ ಜ್ವರ ಇಲ್ಲ. ಹತ್ತು ದಿನ ಮುಗಿದ ಮೇಲೆ ಸೊಟ್ಯಾನಿಗೆ ಲಸಿಕೆ, ಅಜ್ಜಿಯೇ ಕರೆದುಕೊಂಡು ಹೋಗುತ್ತಾಳಂತೆ. ನನ್ನನ್ನು ನಂಬುವುದಿಲ್ಲ, ನಂಬಬಾರದು.

ಗುರುವಾರ ತಾಲೀಮಿಗೆ ಹೋಗಿ, ಎಲ್ಲರ ಮುಂದೆ ನಿಂತು, ನಾಯಿ ಮುಧೋಳದ್ದಲ್ಲ, ಉಳವಿಯ ಹಿತ್ತಲಿನದು ಎಂದೆ. ನಗುತ್ತಾರೆ ಎಂದು ಕಾದೆ. ಹಾರ್ಮೋನಿಯಂ ಮಲ್ಲೇಶಪ್ಪ ಮಾತ್ರ ತಲೆಯೆತ್ತದೆ, "ಎಲ್ಲಾರಿಗೂ ಗೊತ್ತಿತ್ತು ಬಿಡ್ರಿ. ಮುಧೋಳ ನಾಯಿ ಬಾಲ ಹಿಂಗ ಜಿಲೇಬಿ ಸುತ್ತಿರಲ್ಲ" ಎಂದ. ಹಾಗಾದರೆ ಆ ಸುಳ್ಳು ಯಾರಿಗಾಗಿ ಹೇಳಿದೆ ಎಂದು ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಕಿರೀಟ ವಾಪಸು ಕೊಟ್ಟೆ. ದುರ್ಯೋಧನ ಈ ವರ್ಷ ಮಹಾಂತೇಶನದು. ನಾನು ಪರದೆ ಎಳೆಯುತ್ತೇನೆ.

ಈಗ ದಿನಾ ಬೆಳಿಗ್ಗೆ ನಿನ್ನ ಹಾಳೆಯ ಮುಂದೆ ನಿಂತು ಪಾತ್ರದ ಹಾಗೆ ಓದಿಕೊಳ್ಳುತ್ತೇನೆ, ಧ್ವನಿ ತೆಗೆಯದೆ. ನಿನ್ನಿಂದ ಕ್ಷಮೆ ಕೇಳಲು ಇಷ್ಟು ಬರೆದದ್ದಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ಅದು ನನಗೆ ಅಗ್ಗವಾಗಿ ಸಿಕ್ಕ ಹಾಗಾಗುತ್ತದೆ. ನಾಳೆ ನೀನು ಸಮವಸ್ತ್ರ ಹಾಕಿ ನಿಂತಾಗ ನಿನ್ನ ಮುಂದೆ ಎದೆಯ ಮೇಲೆ ಕೈಯಿಟ್ಟು ಹೇಳುವವರು ಬಹಳ ಜನ ಬರುತ್ತಾರೆ. ಆಗ ಈ ಅಜ್ಜನನ್ನು ನೆನೆಸಿಕೊಂಡು ಚೀಟಿ ಕೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಿನಲ್ಲಿ ನೀರು ಕುಡಿ. ನಿನ್ನ ಜೊತೆಯ ಹುಡುಗಿಯರಿಗೂ ನಮ್ಮ ಆಶೀರ್ವಾದ ತಿಳಿಸು. ಬಸವಣ್ಣ ನಿನ್ನ ಬೆನ್ನಿಗಿರಲಿ, ನಿನ್ನ ಮಾತು ನಿನ್ನ ನಡೆ ಒಂದಾಗಿರಲಿ.

ಇಂತಿ,
ತಲೆ ತಗ್ಗಿಸಿ ಬರೆದ ನಿನ್ನ ಅಜ್ಜ,
ಶಿವಮೂರ್ತಪ್ಪ

ತಾ.ಕ.: ಭಾನುವಾರ ಸಂಜೆ, ಅಂಚೆಗೆ ಹಾಕುವ ಮೊದಲು ಅವಸರದಲ್ಲಿ. ಇವತ್ತಿಗೆ ಹತ್ತು ದಿನ ತುಂಬಿತು. ಸೊಟ್ಯಾ ಎರಡು ರೊಟ್ಟಿ ತಿಂದ. ಕೆಂಪಪ್ಪ, ಹುಲಿಗೆಮ್ಮ ಬಂದು ಕಣ್ಣಾರೆ ನೋಡಿ ಹೋದರು, ಅವಳು ಜಗಲಿಯ ಕಂಬ ಹಿಡಿದು ಅತ್ತಳು. ಹೋಗುವಾಗ ಕೆಂಪಪ್ಪ, "ಧನ್ಯವ್ವ ಬರೋಮಟ ನಾಯೀನ ನಾನಾ ಇಟಗಂತೀನ್ರಿ" ಎಂದ, ಸೊಟ್ಯಾ ಅವನ ಕಟ್ಟಿದ ಕೈ ಮೂಸಿ ಬಾಲ ಅಲ್ಲಾಡಿಸಿದ. ಅವನಲ್ಲಿರಬೇಕೋ ಇಲ್ಲಿರಬೇಕೋ ನೀನೇ ಹೇಳಬೇಕು, ಮುಂದಿನ ಫೋನಿನಲ್ಲಿ ಅಜ್ಜಿಗೆ ಹೇಳು, ನನಗೆ ಬೇಡ. ಹೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಅವರು ಹೋದ ಮೇಲೆ ತಟ್ಟೆ ಎತ್ತಲು ಬಗ್ಗಿದೆ. ಅವನು ನನ್ನನ್ನು ನೋಡಿ ಗುರ್ ಎಂದ. ಗದೆಯ ದಿನಗಳ ನಂತರ ಇದೇ ಮೊದಲು. ನಾನು ತಟ್ಟೆ ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.